ಬಾಡಿಗೆ ಮನೆಯಲ್ಲಿ ಸಾಯುವಂತಿಲ್ಲ

ನನ್ನ ಭಾವ ಸಾರಂಗಂ ಕರೀಂನಗರಕ್ಕೆ ಬಂದದ್ದು ಬದುಕಲಿಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಮ್ಮೂರಿನವರು ಈಗ ಬೇರೆಯೇ ಕಥೆ ಕಟ್ಟಿದ್ದಾರೆ. ಓದೇಲು, ಅಂದರೆ ನಾನು, ತನ್ನ ಅಕ್ಕನ ಗಂಡನನ್ನು ಪಟ್ಟಣಕ್ಕೆ ಎಳೆದುಕೊಂಡು ಹೋಗಿ ಬೀದಿಪಾಲು ಮಾಡಿದನಂತೆ. ಆಡುವವರ ಬಾಯಿಗೆ ಬೀಗ ಹಾಕಲಾದೀತೇ? ಆದರೆ ಭಾವ ಆಸ್ಪತ್ರೆಯಿಂದ ವಾಪಸು ಹೋಗುವಾಗ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಸಿರಿಸಿಲ್ಲದವರೆಗೂ ವಾಂತಿ ಮಾಡುತ್ತಿದ್ದುದನ್ನು ಈ ಮಾತಿನ ಮಲ್ಲರಲ್ಲಿ ಒಬ್ಬನೂ ನೋಡಿಲ್ಲ. ನಾನು ನೋಡಿದ್ದೇನೆ.

ಭಾವನ ಎರಡು ಕಿಡ್ನಿಯೂ ಕೆಟ್ಟಿದ್ದವು. ಹರೆಯದಿಂದ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿದವನು. ಆ ಸದ್ದಿನಲ್ಲಿ ಕೂಗಿ ಕೂಗಿ ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಅಂಥವನ ದನಿ ಕೊನೆಕೊನೆಗೆ ಅಂಗಳದಿಂದ ಒಳಮನೆಗೂ ಕೇಳುತ್ತಿರಲಿಲ್ಲ. ವಾರಕ್ಕೆ ಮೂರು ಸಲ ಕರೀಂನಗರದಲ್ಲಿ ಮಿಷನ್ನಿಗೆ ಹಾಕಿ ರಕ್ತ ತೊಳೆಯಬೇಕು. ನಮ್ಮೂರಿರುವುದು ಸಿರಿಸಿಲ್ಲವನ್ನೂ ದಾಟಿ, ಮಾನೇರು ಹೊಳೆಯ ಆಚೆ. ಎರಡು ಬಸ್ಸು ಹತ್ತಿಳಿದು ಹೋಗಬೇಕು, ಮತ್ತೆ ಎರಡು ಬಸ್ಸು ಹತ್ತಿಳಿದು ಬರಬೇಕು. ಬಂದ ಮರುದಿನ ಹೆಣದಂತೆ ಬಿದ್ದಿರಬೇಕು. ಅದರ ಮರುದಿನ ಮತ್ತೆ ಬಸ್ಸು.

ಕೊನೆಗೊಂದು ಭಾನುವಾರ ನಾನೇ ಊರಿಗೆ ಹೋಗಿ ಅಂಗಳದಲ್ಲಿ ಮಾತು ತೆಗೆದೆ. ಅಕ್ಕ ಕನಕವ್ವ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುತ್ತಿದ್ದಳು. ಭೂಮಿ ನಡುಗಿದರೂ ಅವಳ ಕೈ ನಿಲ್ಲುವುದಿಲ್ಲ.

"ಕರೀಂನಗರಕ್ಕೆ ಬಂದ್ಬಿಡು ಭಾವ. ಅಲ್ಲಿ ನನ್ನ ಗಾಡಿ ಇದೆ, ಆಸ್ಪತ್ರೆ ಹತ್ತು ನಿಮಿಷದ ದಾರಿ. ಮಿಷನ್ನಿಂದ ಎದ್ದೋನು ಸೀದಾ ಮನೇಲಿ ಮಲಗಬಹುದು. ಇನ್ನೇನ್ ಬೇಕು?"

"ನಿನ್ನ ಗಾಡೀಲಿ ಸಿಮೆಂಟ್ ಮೂಟೆ ಹಾಕ್ತೀಯಾ, ಕೋಳಿ ಹಾಕ್ತೀಯಾ," ಎಂದ ಭಾವ. "ನನ್ನ ಯಾವುದರ ಜೊತೆ ಹಾಕ್ತೀಯೋ?"

"ಕೋಳಿ ಜೊತೆ. ಈಗ ನೀನೂ ಅಷ್ಟೇ ತೂಗೋದು."

ಅಕ್ಕ ನಕ್ಕಳು, ಆಮೇಲೆ ಲೆಕ್ಕಕ್ಕೆ ಬಂದಳು. ಇಲ್ಲಿ ಸ್ವಂತ ಎರಡು ಕೋಣೆ, ಅಲ್ಲಿ ಬಾಡಿಗೆ. ಇಲ್ಲಿ ಬೀಡಿ ಕಂಪನಿಯ ಕಾರ್ಡಿದೆ, ಅಲ್ಲಿ ಯಾರದೋ ಪಾತ್ರೆ ಬೆಳಗಬೇಕು. ಇಲ್ಲಿ ಉಪ್ಪಿಲ್ಲದಿದ್ದರೆ ಪಕ್ಕದ ಮನೆಗೆ ಕೈ ಚಾಚಬಹುದು, ಅಲ್ಲಿ ಪಕ್ಕದ ಮನೆಯವರ ಹೆಸರು ತಿಳಿಯುವುದಕ್ಕೇ ವರ್ಷ ಬೇಕು. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ನಲ್ಲಿ ನೀರು ಮನೆಯೊಳಗೇ ಬರುತ್ತದೆ ಎಂದೆ. ಮೆಸ್ಸೊಂದರಲ್ಲಿ ರೊಟ್ಟಿ ಬಡಿಯುವ ಕೆಲಸ ಕೇಳಿಟ್ಟಿದ್ದೇನೆ ಎಂದೆ. ಅರ್ಧ ರಾತ್ರಿಯಲ್ಲಿ ಉಸಿರು ಕಟ್ಟಿದರೆ ಇಲ್ಲಿ ಯಾರನ್ನು ಕೂಗುತ್ತೀ ಎಂದೂ ಕೇಳಿದೆ.

ಅಷ್ಟು ಹೊತ್ತು ಕಂಬಕ್ಕೊರಗಿ ಸುಮ್ಮನಿದ್ದ ರಾಜೇಶಂ ಆಗ ಬಾಯಿ ಬಿಟ್ಟ. ಅವನು ಭಾವನ ಅಣ್ಣ, ನನಗೆ ದೊಡ್ಡ ಭಾವ, ಇರುವುದು ಪಕ್ಕದ ಮನೆಯಲ್ಲೇ. ಬೆಕ್ಕು ಸೀನಿದರೂ ಪಂಚಾಂಗ ತೆಗೆಯುವ ಮನುಷ್ಯ.

"ಇರೋಕೆ ಮನೆ ಕೊಡ್ತಾರೆ ಸರಿ. ಸಾಯೋಕೆ ಕೊಡ್ತಾರಾ?"

"ಈಗ ಸಾಯೋ ಮಾತು ಯಾಕೆ ತೆಗೀತೀರಾ?"

"ಸಾಯೋನ ಮುಂದೆ ಸಾಯೋ ಮಾತಲ್ದೆ ಮದುವೆ ಮಾತು ತೆಗೀಲಾ? ಸಿರಿಸಿಲ್ಲದಲ್ಲಿ ಭೂಮವ್ವನ ಗಂಡಂಗೆ ಏನಾಯ್ತು ಹೇಳು. ಇನ್ನೂ ಉಸಿರಿತ್ತು, ಮನೆ ಓನರ್ ಮಂಚದ ಸಮೇತ ರೋಡಿಗೆ ಇಡಿಸ್ದ. ಮಳೇಲಿ ಪ್ಲಾಸ್ಟಿಕ್ ಹಿಡ್ಕೊಂಡು ಕೂತಿದ್ಲು ಅವಳು. ಆಮೇಲೆ ದೀಪ ಎಲ್ಲಿಟ್ರು? ಚರಂಡಿ ಪಕ್ಕ!"

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಜೀವ ಹೋದ ಜಾಗದಲ್ಲೇ ದೀಪ ಇಡಬೇಕು, ಹತ್ತನೆಯ ದಿನದವರೆಗೂ ಅದು ಆರಬಾರದು. ಜೀವ ಅಲ್ಲೇ ಸುಳಿದಾಡುತ್ತಿರುತ್ತದೆ. ಬಾಡಿಗೆಗೆ ಕೊಟ್ಟ ಮನೆಯಲ್ಲಿ ಬೇರೆ ಕುಲದವರ ಜೀವ ಸುಳಿದಾಡಲು ಯಾವ ಮಾಲೀಕ ಬಿಟ್ಟಾನು? ಕೆಟ್ಟ ನಕ್ಷತ್ರದಲ್ಲಿ ಸತ್ತರಂತೂ ಮನೆಗೆ ಆರು ತಿಂಗಳು ಬೀಗ ಹಾಕಬೇಕು.

"ಹೆಣಾನ ಇಲ್ಲಿಗೇ ತಂದ್ರಾಯ್ತು," ಎಂದೆ.

"ತಾ. ಅಂಗಳದಲ್ಲಿ ಮಲಗಿಸು. ಹೊರಗೆ ಸತ್ತೋನ ಹೆಣ ಹೊಸ್ತಿಲು ದಾಟಲ್ಲ ಅಂತ ನಿಂಗೆ ನಾನು ಹೇಳಿಕೊಡಬೇಕಾ? ಅವ್ವ, ಅಪ್ಪ, ಎಲ್ಲರ ದೀಪಾನೂ ನಡುಮನೇಲಿ ಉರಿದಿರೋದು. ಇವನೊಬ್ಬ ನಾಯಿ ಥರ ಹೊರಗಿರಲಾ?"

ಭಾವ ತನ್ನ ಊದಿದ ಪಾದಗಳನ್ನೇ ನೋಡಿಕೊಳ್ಳುತ್ತಿದ್ದ.

"ಅಲ್ಲಿ ಬದುಕೋಕೆ ಅನುಕೂಲ, ಇಲ್ಲಿ ಸಾಯೋಕೆ ಅನುಕೂಲ," ಎಂದ ಕೊನೆಗೆ. "ಎರಡೂ ಒಂದೇ ಊರಲ್ಲಿ ಸಿಗೋಷ್ಟು ಪುಣ್ಯ ಮಾಡಿಲ್ಲ ನಾನು. ಕನಕಾ, ನೀನ್ ಹೇಳು."

"ಬದುಕೋ ಊರಿಗೆ ಹೋಗೋಣ," ಎಂದಳು ಅಕ್ಕ. "ಸಾಯೋ ಊರು ಎಲ್ಲಿಗೂ ಓಡಿಹೋಗಲ್ಲ."

"ಹಾಗಾದ್ರೆ ಮಾತು ಕೊಡು. ಜೀವ ಹೋಗೋದು ಇಲ್ಲೇ ಹೋಗಬೇಕು, ನಡುಮನೇಲಿ. ರೋಡಿನಲ್ಲಿ ಬಿಡಬೇಡ ನನ್ನ."

ಅಕ್ಕ ಕತ್ತರಿ ಕೆಳಗಿಟ್ಟು, ಎಲೆಯ ತೇವ ಸೀರೆಗೆ ಒರೆಸಿಕೊಂಡು, ಅವನ ಅಂಗೈ ಮೇಲೆ ಕೈಯಿಟ್ಟಳು. ರಾಜೇಶಂ ಎದ್ದು ಹೋದ. ಹೋಗುವಾಗ ನನ್ನ ಕಡೆ ನೋಡಿದ ನೋಟ ನನಗೆ ಈಗಲೂ ನೆನಪಿದೆ.

ನಾನಿದ್ದದ್ದು ನಾಲ್ವರು ಡ್ರೈವರುಗಳ ಒಂದೇ ರೂಮಿನಲ್ಲಿ, ಅಲ್ಲಿಗೆ ಇವರನ್ನು ಕರೆದೊಯ್ಯುವಂತಿರಲಿಲ್ಲ. ಕರೀಂನಗರದಲ್ಲಿ ಮನೆ ಹುಡುಕುವುದೆಂದರೆ ಹೆಣ್ಣು ನೋಡುವುದಕ್ಕಿಂತ ಕಷ್ಟ. ಜಾತಿ ಕೇಳುತ್ತಾರೆ, ಕೋಳಿ ಬೇಯಿಸುತ್ತೀರಾ ಎಂದು ಕೇಳುತ್ತಾರೆ, ಆಮೇಲೆ ಭಾವನ ಮುಖವನ್ನೊಮ್ಮೆ ನೋಡಿ ಆರೋಗ್ಯ ವಿಚಾರಿಸುತ್ತಾರೆ. ಮೊದಲನೆಯ ಮನೆಯಲ್ಲಿ ನಾನು, "ನಮ್ಮ ಭಾವ ಕಲ್ಲಿದ್ದ ಹಾಗಿದಾನೆ ಸಾರ್," ಎಂದೆ. ಭಾವ ಹಿಂದಿನಿಂದ, "ಹೌದು ಸಾರ್, ಎರಡು ಕಿಡ್ನೀನೂ ಕಲ್ಲೇ," ಎಂದುಬಿಟ್ಟ. ಬಾಗಿಲು ಮುಚ್ಚಿತು. ಬೀದಿಗೆ ಬಂದು ಬೈದೆ.

"ಸುಳ್ಳು ಹೇಳಿ ಸೇರ್ಕೊಂಡ್ರೆ ನಾಳೆ ಕೆಮ್ಮೋಕೂ ಹೆದರಬೇಕು ಕಣೋ," ಎಂದ ಅವನು. "ನಂಗಾಗಲ್ಲ."

ಕೊನೆಗೆ ಒಪ್ಪಿದವಳು ವಿಮಲಮ್ಮ. ಗಂಡನಿಲ್ಲದ ಹೆಂಗಸು, ಮದುವೆಗೆ ಬಂದ ಮಗಳಿದ್ದಾಳೆ. ಹಿಂದಿನ ಬಾಡಿಗೆಯವರಲ್ಲಿ ಒಬ್ಬ ಮುದುಕಿ ನಿದ್ದೆಯಲ್ಲೇ ತೀರಿಕೊಂಡು ಮನೆ ಆರು ತಿಂಗಳು ಬೀಗ ಹಾಕಿಕೊಂಡಿತ್ತಂತೆ. ಅದನ್ನೆಲ್ಲ ಹೇಳಿ, ಅಕ್ಕನ ಎದುರು ಕುಕ್ಕರುಗಾಲಲ್ಲಿ ಕೂತಳು.

"ನಾನು ಕೆಟ್ಟೋಳಲ್ಲಮ್ಮ. ಆಸ್ಪತ್ರೆಗೆ ಹೋಗಿ ಬರಲಿ, ಅವರು ನಡೆದಾಡ್ಕೊಂಡು ಇರೋವರೆಗೂ ಇದು ನಿಮ್ಮನೆ ಅಂದ್ಕೊಳ್ಳಿ. ಆದ್ರೆ ಅದೊಂದು ಮಾತ್ರ ಇಲ್ಲಿ ಬೇಡ. ಮೊದಲೇ ಕರ್ಕೊಂಡು ಹೋಗ್ಬಿಡಿ. ನನ್ನ ಹುಡುಗಿಗೆ ಸಂಬಂಧ ಬರಬೇಕು."

"ಊರಲ್ಲಿ ನಂಗೆ ಸ್ವಂತ ಮನೆ ಇದೆಯಮ್ಮ, ನಿಮ್ಮ ಮನೇಲಿ ಯಾಕೆ ಸಾಯ್ಲಿ," ಎಂದ ಭಾವ ಬಲು ಗತ್ತಿನಿಂದ. ಅಕ್ಕ ಅಲ್ಲೇ ಹಾಲು ಉಕ್ಕಿಸಿದಳು.

ಆಮೇಲಿನ ಎಂಟು ತಿಂಗಳು ನಮ್ಮೂರಿನ ಯಾವ ಬಾಯಲ್ಲೂ ಬರುವುದಿಲ್ಲ. ನಾನಂತೂ ಹೇಳದೆ ಬಿಡುವವನಲ್ಲ. ಭಾವನ ಮುಖಕ್ಕೆ ಬಣ್ಣ ಬಂತು. ಮಿಷನ್ನಿನಿಂದ ಇಳಿದವನು ನನ್ನ ಗಾಡಿಯಲ್ಲಿ ಮುಂದೆ ಕೂತು ಕಾರಿನವರಿಗೆಲ್ಲ ಬೈಯುತ್ತ ಬರುತ್ತಿದ್ದ. ಸಂಜೆ ಊರಂಚಿನ ಮಾನೇರು ಡ್ಯಾಮಿನ ಕಟ್ಟೆಗೆ ಹೋಗುತ್ತಿದ್ದೆವು. ಅಲ್ಲಿ ನಾನು ಮಿರ್ಚಿ ಬಜ್ಜಿ ತಿನ್ನುತ್ತಿದ್ದರೆ ಪಥ್ಯದಲ್ಲಿದ್ದ ಅವನು ಅದರ ಕಾಗದ ಮೂಸಿ ನೋಡಿ ವಾಪಸು ಕೊಡುತ್ತಿದ್ದ. ವಿಮಲಮ್ಮನ ಮಗಳ ಹರಿದ ದುಪಟ್ಟಾಕ್ಕೆ ದಾರ ಹೊಂದಿಸಿ ಹರಿದದ್ದೇ ಕಾಣದಂತೆ ಕೂಡಿಸಿಕೊಟ್ಟ. ಮುಂಜಾನೆ ಅಕ್ಕ ರೊಟ್ಟಿ ಬಡಿಯಲು ಹೋದರೆ ಅನ್ನಕ್ಕೆ ಇಡುತ್ತಿದ್ದವನು ಅವನೇ. ಗಂಡಸರು ಒಲೆ ಮುಟ್ಟಿದ ಮನೆಯಲ್ಲ ನಮ್ಮದು. ನಮ್ಮೂರಲ್ಲೇ ಇದ್ದಿದ್ದರೆ ಅವನಿಗೆ ಈ ಸುಖ ಸಿಗುತ್ತಿತ್ತೇ?

ಮಳೆಗಾಲ ಕಳೆಯುವ ಹೊತ್ತಿಗೆ ಇಳಿತ ಶುರುವಾಯಿತು. ಮಿಷನ್ನಿಗೆ ಹಾಕಿದೊಡನೆ ರಕ್ತದೊತ್ತಡ ಕುಸಿಯುತ್ತಿತ್ತು. ಊಟ ಸೇರುತ್ತಿರಲಿಲ್ಲ. ಊರಿಗೆ ಹೋಗೋಣವಾ ಎಂದು ಅಕ್ಕ ಕೇಳಿದರೆ, "ಇನ್ನೊಂದು ವಾರ ನೋಡೋಣ," ಎನ್ನುತ್ತಿದ್ದ. ಬದುಕುವ ಆಸೆ ಹತ್ತಿದ್ದು ಅವನಿಗೇ. ಊರಿಗೆ ಹೋದರೆ ಮಿಷನ್ ಇಲ್ಲ, ಮಿಷನ್ ಇಲ್ಲದಿದ್ದರೆ ಉಳಿಯುವುದು ಕೆಲವೇ ದಿನ. ತೀರಾ ಬೇಗ ಹೊರಟರೆ ಇರುವ ಆಯುಷ್ಯವನ್ನೇ ಕತ್ತರಿಸಿಕೊಂಡಂತೆ, ತಡವಾದರೆ ನಡುಮನೆ ಸಿಗುವುದಿಲ್ಲ. ಯಾವ ದಿನ ಹೊರಡಬೇಕೆಂದು ಯಾರು ತಾನೇ ಹೇಳುತ್ತಾರೆ? ವಿಮಲಮ್ಮ ದಿನಕ್ಕೆರಡು ಸಲ ಬಾಗಿಲಿಗೆ ಬಂದು, ಏನೂ ಹೇಳದೆ, ನಿಂತು ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಮಿಷನ್ ಮೇಲೆಯೇ ಅವನಿಗೆ ಎಚ್ಚರ ತಪ್ಪಿತು. ಡಾಕ್ಟರು ಸೂಜಿ ತೆಗೆಸಿ, "ಇನ್ನು ದೇಹ ತಡೆಯಲ್ಲ, ಮನೆಗೆ ಕರ್ಕೊಂಡು ಹೋಗಿ," ಎಂದರು. ಯಾವ ಮನೆ ಎಂದು ಅವರೇನೂ ಕೇಳಲಿಲ್ಲ.

ಆಂಬುಲೆನ್ಸ್ ಮಾಡಿಸಿದೆ. ಬಟ್ಟೆಗಂಟು ತೆಗೆದುಕೊಳ್ಳಲು ಓಣಿಯಲ್ಲಿ ನಿಲ್ಲಿಸಿದರೆ ವಿಮಲಮ್ಮ ಗೇಟಿನ ಹೊರಗೇ ನಿಂತಿದ್ದಳು. ನಾನು ಫೋನು ಮಾಡಿದ ಮೇಲೆ ಎಲ್ಲವನ್ನೂ ತಾನೇ ಕಟ್ಟಿಟ್ಟಿದ್ದಳು. ಬಟ್ಟೆ, ಪಾತ್ರೆ, ಔಷಧಿ, ಗೋಡೆಯ ಮೇಲಿನ ಕನ್ನಡಿ ಕೂಡ. ಒಂದು ಮೊಳೆಯೂ ನಮ್ಮದೆಂದು ಒಳಗೆ ಉಳಿದಿರಲಿಲ್ಲ. ಅವಳು ಅಳುತ್ತಿದ್ದಳು, ಅದು ನಾಟಕವಲ್ಲ. "ತಪ್ಪು ತಿಳ್ಕೋಬೇಡ ಕನಕವ್ವ," ಎಂದು ಕೈ ಮುಗಿದಳು. ಅಕ್ಕ ತಲೆಯಾಡಿಸಿದಳು. ಗಾಡಿ ತಿರುಗಿಸುವಷ್ಟರಲ್ಲಿ ಬಾಗಿಲಿಗೆ ಬಕೆಟ್ಟಿನಿಂದ ನೀರು ಸುರಿಯುವ ಸದ್ದು ಕೇಳಿಸಿತು. ಭಾವನ ಎದೆ ಇನ್ನೂ ಏರಿಳಿಯುತ್ತಿತ್ತು. ಇಳಿದು ಜಗಳಕ್ಕೆ ನಿಲ್ಲುವ ಹೊತ್ತು ಅದಾಗಿರಲಿಲ್ಲ.

ದಾರಿಯುದ್ದಕ್ಕೂ ಅಕ್ಕ ಅವನ ಕಿವಿಯ ಹತ್ತಿರ ಬಾಗಿ ಮಾತಾಡುತ್ತಲೇ ಇದ್ದಳು. "ವೇಮುಲವಾಡ ದಾಟಿದ್ವಿ. ಸ್ವಲ್ಪ ತಡ್ಕೋ. ಅಣ್ಣ ಕಾಯ್ತಾ ಇದಾರೆ. ನೋಡು, ಸಿರಿಸಿಲ್ಲ ಬಂತು, ನಿನ್ನ ಶೆಡ್ಡಿನ ಸದ್ದು ಕೇಳ್ತಿದೆಯಾ?" ಅವನ ರೆಪ್ಪೆ ಒಂದು ಸಲ ಅಲುಗಿತು. ನಾನು ಡ್ರೈವರನಿಗೆ ಬೇಗ ಹೋಗು ಎಂದೆ.

"ಮಾನೇರಿಗೆ ನೀರು ಬಂದಿದೆ ನೋಡು. ಸೇತುವೆ ದಾಟಿದ್ರೆ—"

ಅಕ್ಕ ನಿಲ್ಲಿಸಿದಳು. ನಾನು ಭಾವನ ಎದೆ ನೋಡಿದೆ, ಆಮೇಲೆ ಅವಳ ಮುಖ ನೋಡಿದೆ. ಗಾಡಿ ಇನ್ನೂ ಸೇತುವೆಯ ಮೇಲೆಯೇ ಇತ್ತು.

"ದಾಟಿದ್ರೆ ನಮ್ಮೂರೇ," ಎಂದು ಅವಳು ಮಾತು ಮುಗಿಸಿದಳು. ಅವನ ಬಾಯಿಯ ಮೇಲಿನ ಆಕ್ಸಿಜನ್ ಮಾಸ್ಕು ಸರಿಮಾಡಿದಳು. ಹೊದಿಕೆ ಎದೆಯವರೆಗೆ ಎಳೆದಳು. ಡ್ರೈವರ್ ಕನ್ನಡಿಯಲ್ಲಿ ನೋಡಿ ವೇಗ ತಗ್ಗಿಸಿದ. ಇಂಥವು ಅವನಿಗೆ ಹೊಸತಲ್ಲ.

"ಅಣ್ಣಾ, ಒಂದ್ಸಲ ನೋಡು," ಎಂದ ನನಗೆ.

"ನೋಡೋದೇನಿಲ್ಲ, ನೀನು ನಡೆಸು," ಎಂದಳು ಅಕ್ಕ. ಆಮೇಲೆ ನನಗೆ, "ಓದೇಲು, ಏನೂ ಆಗಿಲ್ಲ."

"ಏನೂ ಆಗಿಲ್ಲ ಅಕ್ಕ," ಎಂದೆ.

ಮನೆ ಮುಂದೆ ಓಣಿಯ ಜನವೆಲ್ಲ ಸೇರಿತ್ತು. ಅಂಗಳದಲ್ಲಿ ಆಗಲೇ ಚಾಪೆ ಹಾಸಿದ್ದರು. ನಡುಮನೆಯ ಬಾಗಿಲೂ ತೆರೆದಿತ್ತು. ಎರಡಕ್ಕೂ ಸಿದ್ಧಮಾಡಿ ರಾಜೇಶಂ ಹೊಸ್ತಿಲ ಮೇಲೆ ನಿಂತಿದ್ದ.

"ಇದ್ದಾನಾ?" ಎಂದು ಅಲ್ಲಿಂದಲೇ ಕೇಳಿದ.

"ಇದ್ದಾನೆ ಭಾವನೋರೇ," ಎಂದಳು ಅಕ್ಕ. ಅವಳ ಕೈ ಇನ್ನೂ ಮಾಸ್ಕಿನ ಮೇಲಿತ್ತು.

ಅವನು ಸುಮ್ಮನೆ ನಂಬುವ ಆಸಾಮಿಯೇ? ಇಳಿದು ಬಂದು ಆಂಬುಲೆನ್ಸಿನೊಳಗೆ ಹತ್ತಿದ. ಓಣಿಯ ಅರ್ಧ ಹೆಣಗಳಿಗೆ ತನ್ನ ಕೈಯಾರೆ ನೀರು ಹಾಕಿದವನು. ಅವನಿಂದ ಮುಚ್ಚಿಡಲು ಸಾಧ್ಯವೇ ಇರಲಿಲ್ಲ. ತಮ್ಮನ ಪಾದ ಮುಟ್ಟಿದ. ಮಾಸ್ಕು ಸರಿಸಿ ಮೂಗಿನ ಹತ್ತಿರ ಅಂಗೈ ಹಿಡಿದ. ಮಣಿಕಟ್ಟು ಹಿಡಿದು ಬಹಳ ಹೊತ್ತು ಕೂತ. ಹೊರಗೆ ಜನ ಪಿಸುಗುಡುತ್ತಿದ್ದರು. ಅಕ್ಕ ಅವನನ್ನೇ ನೋಡುತ್ತಿದ್ದಳು. ಅವನು ಮಾತ್ರ ತಲೆಯೆತ್ತಿ ಅವಳನ್ನು ನೋಡಲಿಲ್ಲ.

ಆಮೇಲೆ ಬಾಗಿಲಿನಿಂದ ತಲೆ ಹೊರಹಾಕಿ ಗದರಿದ. "ಉಸಿರಾಡ್ತಿದ್ದಾನೆ! ಏನ್ರೋ ಬಾಯಿ ಬಿಟ್ಕೊಂಡು ನಿಂತಿದೀರಾ? ಚಾಪೆ ತೆಗೀರಿ ಅಲ್ಲಿಂದ! ಒಳಗೆ ತಗೊಂಡು ನಡೀರಿ!"

ತಲೆಯ ಕಡೆ ಅವನೇ ಹಿಡಿದ, ಕಾಲ ಕಡೆ ನಾನು. ಹೊಸ್ತಿಲು ದಾಟುವಾಗ, "ತಮ್ಮಾ, ಮನೆ ಬಂತು," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ನಡುಮನೆಯಲ್ಲಿ ಮಲಗಿಸಿದೆವು. ರಾಜೇಶಂ ಲೋಟದಲ್ಲಿ ತುಳಸಿ ನೀರು ತಂದು ಅಕ್ಕನ ಕೈಗೆ ಕೊಟ್ಟ. ಅವಳು ಹಾಕಿದ ನೀರು ಬಾಯಿಯ ಅಂಚಿನಿಂದ ಹಾಗೇ ಹರಿದು ಕತ್ತಿಗಿಳಿಯಿತು. ರಾಜೇಶಂ ಜನಕ್ಕೆ ಅಡ್ಡವಾಗಿ ಬಾಗಿ, ತನ್ನ ಹೆಗಲ ಮೇಲಿನ ಟವೆಲಿನಿಂದ ಅದನ್ನು ಒರೆಸಿದ.

"ಕುಡಿದ," ಎಂದ. ಸ್ವಲ್ಪ ಹೊತ್ತು ಬಿಟ್ಟು, "ಈಗ ಹೋದ. ದೀಪ ತನ್ನಿ," ಎಂದ.

ಹೆಂಗಸರು ಗೋಳೆಂದು ಅತ್ತರು. ಅಕ್ಕನ ಕಣ್ಣಲ್ಲಿ ಮಾತ್ರ ಒಂದು ಹನಿಯೂ ಇರಲಿಲ್ಲ. ಲೋಟವನ್ನು ಹಾಗೇ ಹಿಡಿದುಕೊಂಡು ರಾಜೇಶಂನ ತೋಳು ಜಗ್ಗಿದಳು. ಸೇತುವೆಯ ಮೇಲೆ ಉಸಿರು ನಿಂತದ್ದನ್ನು ನನಗಿಂತ ಮೊದಲು ಕಂಡವಳು ಅವಳು.

"ಭಾವನೋರೇ, ನಿಜವಾಗ್ಲೂ ಕುಡಿದ್ನಾ?"

"ಕುಡಿದ ಕಣಮ್ಮ," ಎಂದ ರಾಜೇಶಂ. "ಒಂದು ಗುಟುಕು. ನಾನೇ ನೋಡ್ದೆ."

ಆಗ ಅಕ್ಕ ಅಳತೊಡಗಿದಳು.