ಜಿಡ್ಡಿನ ಜಗಳ

ಗಾಜಿನ ಕೊಳವೆಗೆ ಕೊನೆಯ ಸಲ ನೀರು ಹಾಯಿಸಿ ತಂಗಿ ಬೆಳಕಿಗೆ ಹಿಡಿದಳು. ನೀರು ಹನಿಹನಿಯಾಗಿ ನಿಂತರೆ ಜಿಡ್ಡು ಉಳಿದಿದೆ ಎಂದೇ ಅರ್ಥ. ಹಾಳೆಯಂತೆ ಇಳಿದರೆ ಗಾಜು ಶುದ್ಧ. ಇದನ್ನು ಕಲಿಸಿದವಳು ಅಕ್ಕ. ಒಡಹುಟ್ಟಿದವಳಲ್ಲ, ಈ ಪ್ರಯೋಗಾಲಯಕ್ಕೆ ಇವಳಿಗಿಂತ ಮೊದಲು ಸೇರಿದವಳು. ಒಂದೇ ಡಬ್ಬಿಯಲ್ಲಿ ಉಂಡು, ಒಂದೇ ಸ್ಟೂಲಿಗೆ ಕಿತ್ತಾಡಿ, ಇಬ್ಬರೂ ಅಕ್ಕತಂಗಿ ಎಂದೇ ಹೆಸರಾಗಿದ್ದರು. ತಂಗಿಗೆ ಈಗ ತಲೆ ನೆರೆತಿದೆ. ಹೆಸರು ಮಾತ್ರ ಹಾಗೇ ಅಂಟಿಕೊಂಡಿದೆ.

ಜಗಳ ಹತ್ತಿದ್ದು ಜೀವಕೋಶದ ಪೊರೆಯ ವಿಷಯಕ್ಕೆ. ಪೊರೆಯೆಂದರೆ ಬರೀ ಜಿಡ್ಡಿನ ಗೋಡೆ, ಕೆಲಸವೆಲ್ಲ ಕಿಣ್ವಗಳದ್ದು ಎಂದು ಅಕ್ಕನ ವಾದ. ಆ ಜಿಡ್ಡೇ ಕಿಣ್ವವನ್ನು ಕರೆದು ಎಬ್ಬಿಸುತ್ತದೆ ಎಂದು ತಂಗಿಯದು.

"ಗೋಡೆ ಎಲ್ಲಾದ್ರೂ ಕೆಲಸ ಹೇಳುತ್ತಾ ಕಣೇ?" ಎಂದು ಅಕ್ಕ ಕೆಣಕಿದ್ದಳು.

"ನಮ್ಮತ್ತೆ ಹೊಸ್ತಿಲು ಬಿಟ್ಟು ಏಳಲ್ಲ ಅಕ್ಕಾ. ಮನೆಯೆಲ್ಲ ಓಡಾಡೋದು ಅವರ ಮಾತಿನ ಮೇಲೇ."

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಮರುದಿನ ತುಂಬಿದ ಸಭೆಯಲ್ಲಿ, ಇವಳ ಜಿಡ್ಡುಪುರಾಣ ಮುಗಿದರೆ ವಿಜ್ಞಾನ ಶುರು ಮಾಡೋಣ ಎಂದುಬಿಟ್ಟಳು. ತಂಗಿ ಮುಖ ಊದಿಸಿಕೊಂಡಳು. ಊದಿದ ಮುಖ ಇಳಿಯುವ ಮೊದಲೇ ಅಕ್ಕನಿಗೆ ಬೇರೆ ಊರಿನಲ್ಲಿ ಕೆಲಸವಾಯಿತು.

ಬರಬರುತ್ತಾ ಲೋಕವೇ ತಂಗಿಯ ವಾದದ ಕಡೆಗೆ ವಾಲಿತು. ಅಕ್ಕನಿಗೆ ಕಾಗದ ಬರೆಯಲು ಎಷ್ಟೋ ಸಲ ಕೂತಳು; ಪ್ರತಿ ಸಲವೂ 'ನಾನು ಅವತ್ತೇ ಅಂದಿದ್ದೆ' ಎಂಬುದು ಹೇಗೋ ನುಸುಳುತ್ತಿತ್ತು. ಹರಿದು ಹಾಕುತ್ತಿದ್ದಳು.

ಈ ಬೆಳಿಗ್ಗೆ ಅಕ್ಕನ ಮಗಳು ಫೋನು ಮಾಡಿದ್ದಳು. ಅಮ್ಮನ ಕಣ್ಣು ದಿನೇ ದಿನೇ ಮಂಜಾಗುತ್ತಿದೆ, ಡಾಕ್ಟರು ಕೈಚೆಲ್ಲಿದ್ದಾರೆ. ಫೋನಿಗೆ ಬರಲೊಲ್ಲಳು, ದಪ್ಪ ಅಕ್ಷರದಲ್ಲಿ ಬರೆದರೆ ಇನ್ನೂ ಓದುತ್ತಾಳೆ.

ಕೊಳವೆಗಳನ್ನು ಬೋರಲು ಹಾಕಿ ತಂಗಿ ಸೂಕ್ಷ್ಮದರ್ಶಕದ ಮುಂದೆ ಕೂತಳು. ಕೋಶದ ಒಂದು ಅಂಚಿನಲ್ಲಿ, ಗುರುತಿಗೆ ಬಣ್ಣ ಕೊಟ್ಟಿದ್ದ ಜಿಡ್ಡು ಹಸಿರಾಗಿ ಹೊಳೆಯಿತು. ಕೆಂಪು ಗುರುತಿನ ಕಿಣ್ವ ಅಲ್ಲಿಗೇ ಬಂದು ಕಚ್ಚಿಕೊಂಡಿತು. ಕೋಶ ಅತ್ತಲೇ ಪಾದ ಚಾಚಿ, ಬೆನ್ನು ಎಳೆದುಕೊಂಡು ಹೊರಟಿತು. ಆ ಜಿಡ್ಡು ತಯಾರಾಗದಂತೆ ತಡೆಯುವ ಮದ್ದು ಬಿಟ್ಟಳು. ಕೋಶ ದಿಕ್ಕು ತಪ್ಪಿ ನಿಂತಲ್ಲೇ ತಡವರಿಸಿತು. ಅಕ್ಕ ಪಕ್ಕದಲ್ಲಿದ್ದಿದ್ದರೆ, ಸರಿ ಕಣೇ, ಆದರೆ ಎಂದು ಹೊಸ ತಗಾದೆ ತೆಗೆಯುತ್ತಿದ್ದಳು. ಆ ತಗಾದೆಯಿಲ್ಲದೆ ಗೆದ್ದದ್ದು ಇಷ್ಟು ವರ್ಷವೂ ಸಪ್ಪೆಯಾಗಿಯೇ ಇತ್ತು.

ದಪ್ಪ ಅಕ್ಷರದಲ್ಲಿ ಬರೆದಳು: "ಅಕ್ಕಾ, ಜೀವಕೋಶ ನಡೆಯೋದನ್ನ ನೀನು ನಿನ್ನ ಕಣ್ಣಿಂದ್ಲೇ ನೋಡಬೇಕು. ಬೇಗ ಬಾ. ಒಪ್ಪಲೇಬೇಕು ಅಂತೇನಿಲ್ಲ."

ಮತ್ತೆ ಓದಲಿಲ್ಲ. ಲಕೋಟೆಗೆ ಗೋಂದು ಹಚ್ಚಿ, ಬಿಳಿ ಕೋಟು ಬಿಚ್ಚುವುದನ್ನೂ ಮರೆತು ಬೀದಿಗಿಳಿದಳು. ಪೋಸ್ಟ್‌ಮ್ಯಾನ್ ಆಗಲೇ ಅಂಚೆಡಬ್ಬಿ ಬರಿದು ಮಾಡಿ ಚೀಲ ಹೆಗಲಿಗೇರಿಸುತ್ತಿದ್ದ. ಅವನ ಕೈಗೇ ಕಾಗದ ಕೊಟ್ಟಳು.