ಬ್ರೆಡ್ಡಿನ ಅಂಚು

ಬ್ರೆಡ್ಡಿನ ಅಂಚು ಕತ್ತರಿಸಬೇಕೋ ಬಿಡಬೇಕೋ ಎಂಬ ಗಹನವಾದ ಪ್ರಶ್ನೆ ಶನಿವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ತೀರ್ಮಾನವಾಗಲೇಬೇಕಿತ್ತು. ಹತ್ತೂವರೆಗೆ ಗಿಸ್ಲೇನಳ ಶವಪೆಟ್ಟಿಗೆ ಇಗರ್ಜಿಗೆ ಬರುವುದಿತ್ತು. ಇಗರ್ಜಿಯ ನೆಲಮಾಳಿಗೆಯ ಅಡುಗೆಮನೆಯಲ್ಲಿ ಅವಳ ಅಕ್ಕ ಒಲಿವೆಟ್, ಮೊಟ್ಟೆ ಮೆತ್ತಿದ ಸ್ಯಾಂಡ್‌ವಿಚ್ಚುಗಳ ಗೋಪುರದ ಮೇಲೆ ಚಾಕು ಎತ್ತಿ ಹಿಡಿದಿದ್ದಳು. ಎದುರಿಗೆ ಗೆಳತಿ ಯೊಲಾಂಡ್, ನೋಟರಿ ಕಳಿಸಿದ ಗಿಸ್ಲೇನಳ ಉಯಿಲಿನ ಕಾಗದ ಹಿಡಿದು ನಿಂತಿದ್ದಳು.

"ಇನ್ನೊಂದ್ಸಲ ಓದೇ."

"'ನನ್ನ ಅಂತ್ಯಕ್ರಿಯೆಯ ದಿನ ಸ್ಯಾಂಡ್‌ವಿಚ್ಚಿನ ಅಂಚು ಕತ್ತರಿಸಕೂಡದು. ಆ ಹೊತ್ತನ್ನು ನನ್ನ ಅಕ್ಕ ಮೇಲೆ, ಮೊದಲನೇ ಬೆಂಚಿನಲ್ಲಿ ಕೂತು ಕಳೆಯತಕ್ಕದ್ದು.' ಕೆಳಗೆ ಸಹಿ, ಸೀಲು. ಸತ್ತ ಮೇಲೂ ನಮ್ಮನ್ನ ಬಿಡಲ್ಲ ನೋಡು ನಿನ್ ತಂಗಿ."

"ಸ್ವಂತ ತಂಗಿಗೆ ಅಂಚು ತೆಗೆಯಕ್ಕೂ ಕೈ ಬರ್ಲಿಲ್ಲ ಅಂತಾರೆ ಊರಲ್ಲಿ."

"ಅವಳ ವಿಷಯದಲ್ಲಿ ಊರು ಅನ್ನದೆ ಬಿಟ್ಟಿರೋದು ಏನಿದೆ?"

ಅದೂ ನಿಜ. ಗಿಸ್ಲೇನಳ ಮೊದಲ ಕಾದಂಬರಿಯಲ್ಲಿ ಒಬ್ಬ ಹೆಂಗಸು ಹನ್ನೊಂದನೆಯ ಹೆರಿಗೆಯ ಮರುದಿನ, ಹನ್ನೆರಡನೆಯದು ಯಾವಾಗ ಎಂದು ವಿಚಾರಿಸಲು ಬಂದ ಪಾದ್ರಿಯ ಮುಖಕ್ಕೆ ಬಾಗಿಲು ಹಾಕುತ್ತಾಳೆ. ಅದನ್ನು ಓದಕೂಡದೆಂದು ಅಂದಿನ ಪಾದ್ರಿಗಳು ಪೀಠದಿಂದಲೇ ಸಾರಿದ್ದರಿಂದ, ಊರಿನ ಹೆಂಗಸರೆಲ್ಲ ಹಿಟ್ಟಿನ ಡಬ್ಬಿಯಲ್ಲಿ ಅಡಗಿಸಿಟ್ಟು ಓದಿದರು. ಮುಂದೆ ಮಾಂಟ್ರಿಯಲ್ಲಿನವರು ಬಹುಮಾನ ಕೊಟ್ಟರು, ಶಾಲೆಗಳಲ್ಲಿ ಪಾಠವಾಯಿತು, ಊರಿಗೂ ಅವಳು 'ನಮ್ಮ ಗಿಸ್ಲೇನ್' ಆದಳು.

ಒಲಿವೆಟ್ ಮಾತ್ರ ನಲವತ್ತೊಂದು ವರ್ಷದಿಂದ ಪ್ರತಿ ಸಾವಿಗೂ ಸ್ಯಾಂಡ್‌ವಿಚ್ಚು ಮಾಡುತ್ತ ಕೆಳಗೇ ಇದ್ದಳು. ಊರಿನ ಯಾವ ಸಾವಿನ ಪೂಜೆಯನ್ನೂ ಪೂರ್ತಿ ಕೇಳಿದವಳಲ್ಲ. ಗಂಡ ಸತ್ತಾಗಿನ ಪೂಜೆಯಲ್ಲಿ ಕೂತಿದ್ದಳು, ಅರ್ಧಕ್ಕೆ ಎದ್ದು ಬಂದು ಕಾಫಿ ನೋಡಿಕೊಂಡಳು.

*

ಮೊದಲ ಕವನಸಂಕಲನ ಬಂದ ವರ್ಷ ಗಿಸ್ಲೇನ್ ಊರಿನ ಸಭಾಭವನದಲ್ಲಿ ಓದಿದ್ದಳು. ಒಲಿವೆಟ್ ಎಂದಿನಂತೆ ಹಿಂದಿನ ಕೋಣೆಯಲ್ಲಿ ಅಂಚು ಕತ್ತರಿಸುತ್ತಿದ್ದಳು. ಗೋಡೆಯಾಚೆಯಿಂದ ಚಪ್ಪಾಳೆ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಓದು ಮುಗಿಸಿದ ತಂಗಿ ನೇರ ಅಲ್ಲಿಗೇ ಬಂದಳು.

"ಹೆಂಗಿತ್ತು ಅಕ್ಕ?"

"ಚೆನ್ನಾಗಿತ್ತು ಕಣೆ."

"ಯಾವುದು?"

ಒಲಿವೆಟ್ ಯೋಚಿಸುವವಳಂತೆ ಮಾಡಿದಳು. "ಎರಡನೇದು."

"ಎರಡನೇದು ನಿನ್ ಮೇಲೇ ಬರ್ದಿದ್ದು," ಎಂದಳು ಗಿಸ್ಲೇನ್. ಹಲಗೆಯ ಮೇಲೆ ಬಿದ್ದಿದ್ದ ಅಂಚೊಂದನ್ನು ಬಾಯಿಗೆ ಹಾಕಿಕೊಂಡು ಹೋದಳು. ಮತ್ತೆಂದೂ ಆ ಮಾತು ಎತ್ತಲಿಲ್ಲ. ಒಲಿವೆಟ್ ಆ ಪುಸ್ತಕ ತೆರೆಯಲೂ ಇಲ್ಲ. ತೆರೆದರೆ ಸುಳ್ಳನ್ನು ಒಪ್ಪಿಕೊಂಡಂತಾಗುತ್ತದೆ ಎಂದು ಅವಳ ಲೆಕ್ಕ.

*

ಮೇಲೆ ಗಂಟೆ ಬಾರಿಸಿತು. ಯೊಲಾಂಡಳ ಗಂಡ ರೊಮುವಾಲ್ಡ್ ಬೂಟಿನ ಹಿಮ ಒದರುತ್ತ ಮೆಟ್ಟಿಲಿಳಿದ.

"ಪೆಟ್ಟಿಗೆ ಬಂತು. ಮೊದಲನೇ ಬೆಂಚು ಖಾಲಿ ಇದೆಯಲ್ಲ ಅಂತ ಫಾದರ್ ಕೇಳ್ತಿದ್ದಾರೆ. ಪೂಜೆ ಆದ್ಮೇಲೆ ಒಂದು ಕವನ ಓದಕ್ಕೂ ಒಪ್ಪಿದ್ದಾರೆ. ಅವಳೇ ಆರಿಸಿಟ್ಟಿದ್ದಂತೆ, ಮೊದಲ ಕವನದ ಪುಸ್ತಕದ್ದು."

"ಎಷ್ಟನೇದು?" ಒಲಿವೆಟ್ ಕೇಳಿದಳು.

"ಎರಡನೇದು ಅಂದ್ರು. ಯಾಕೆ?"

ಒಲಿವೆಟ್ ಚಾಕು ಕೆಳಗಿಟ್ಟಳು. "ಕಾಫಿ ಯಾರು ನೋಡ್ತಾರೆ?"

"ಇವರು," ಎಂದಳು ಯೊಲಾಂಡ್.

"ನಾನಾ? ನಂಗೆ ಆ ಮಷೀನ್ ಗೊತ್ತಾಗಲ್ಲ."

"ಮೂವತ್ತು ವರ್ಷ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿದೋರು. ಇರೋದು ಒಂದೇ ಗುಂಡಿ, ಒತ್ತಿ ರೀ."

ಏಪ್ರನ್ ಬಿಚ್ಚಿ ಗೂಟಕ್ಕೆ ನೇತುಹಾಕಿ ಒಲಿವೆಟ್ ಮೇಲೆ ಹೋದಳು. ಮೊದಲನೇ ಬೆಂಚು ಅವಳಿಗೆ ಗಟ್ಟಿಯೆನಿಸಿತು. ಪೂಜೆಯುದ್ದಕ್ಕೂ ಕಾಫಿಯ ವಾಸನೆ ಹುಡುಕಿದಳು. ಕೊನೆಗೆ ಗ್ರಂಥಾಲಯದ ಹುಡುಗಿ ಎದ್ದು ನಿಂತು ಓದಿದಳು. ಕವನ ಉದ್ದವಿರಲಿಲ್ಲ. ಅದರಲ್ಲಿ ಗೋಡೆಯ ಆಚೆ ಒಬ್ಬಳು ಅಕ್ಕ ಇದ್ದಳು, ಅವಳ ಕೈಯಲ್ಲಿ ಚಾಕು ಇತ್ತು. ಕಡೆಯ ಸಾಲು ಹೀಗಿತ್ತು: *ಕೇಳಿಸಿತೆಂದು ಹೇಳುತ್ತಾಳೆ; ನಂಬುತ್ತೇನೆ.*

ಒಲಿವೆಟ್ ಕೈ ನೋಡಿಕೊಂಡಳು. ಹೆಬ್ಬೆರಳ ಉಗುರಿನ ಸಂದಿಯಲ್ಲಿ ಮೊಟ್ಟೆಯ ಹಳದಿ ಹಾಗೇ ಇತ್ತು. ಅವಳು ಅದನ್ನು ಒರೆಸಲಿಲ್ಲ.

ನೆಲ ಹೆಪ್ಪುಗಟ್ಟಿ ಗುಂಡಿ ತೋಡಲಾಗದ್ದರಿಂದ ಪೆಟ್ಟಿಗೆಯನ್ನು ಮೇ ತಿಂಗಳವರೆಗೆ ಸ್ಮಶಾನದ ಕಲ್ಲುಕೋಣೆಯಲ್ಲಿಟ್ಟರು. ಕಾಫಿ ನೀರುನೀರಾಗಿತ್ತು. ಸ್ಯಾಂಡ್‌ವಿಚ್ಚುಗಳನ್ನು ಅಂಚಿನ ಸಮೇತ ಬಡಿಸಿದರು, ಒಂದೂ ಉಳಿಯಲಿಲ್ಲ.