ಕಿಟಕಿಯ ಲೋಟ

ಚಾಮರಾಜಪೇಟೆಯ ಬದರೀನಾರಾಯಣರ ಮನೆಯ ಜಗಲಿ ಕಿಟಕಿಯಲ್ಲಿ ಒಂದು ನೆಗ್ಗಿದ ಹಿತ್ತಾಳೆ ಲೋಟವಿತ್ತು. ಕಲಾಸಿಪಾಳ್ಯದ ತರಕಾರಿ ವ್ಯಾಪಾರಿ ಮುನಿರಾಮಪ್ಪ ಬಂದಾಗಲೆಲ್ಲ ಅವನಿಗೆ ಕಾಫಿ ಅದರಲ್ಲೇ. ಕುಡಿದ ಮೇಲೆ ಅಂಗಳದ ನಲ್ಲಿಯಲ್ಲಿ ತೊಳೆದು ಬೋರಲು ಹಾಕಿ ಹೋಗಬೇಕು. ಅವನಪ್ಪನೂ ಹಾಗೇ ಮಾಡುತ್ತಿದ್ದ. ಬೀದಿಗೆಲ್ಲ ಗೊತ್ತಿದ್ದ ಸಂಗತಿ, ಆದರೆ ಒಬ್ಬರಾದರೂ ಬಾಯಿ ಬಿಟ್ಟವರಲ್ಲ.

ಸ್ವಾತಂತ್ರ್ಯಕ್ಕೆ ಐವತ್ತು ವರ್ಷ ತುಂಬುವ ಹಿಂದಿನ ದಿನ ಮುನಿರಾಮಪ್ಪ ಬಂದದ್ದು ಜಗಳಕ್ಕೆ. ನಲವತ್ತೆರಡರಲ್ಲಿ ಜೈಲಿಗೆ ಹೋದ ಆ ಭಾಗದವರ ಹೆಸರು ಕೆತ್ತಿಸಿ ಬದರೀನಾರಾಯಣರು ಹಾಕಿಸಿದ ಕಲ್ಲು ಪಾರ್ಕಿನಲ್ಲಿ ನಿಂತಿತ್ತು. ಎಲ್ಲಕ್ಕಿಂತ ಮೇಲೆ ಅವರ ತಂದೆಯ ಹೆಸರು. ಮುನಿರಾಮಪ್ಪನ ಅಪ್ಪನದು ಎಲ್ಲೂ ಇಲ್ಲ.

ಕಾಫಿ ಮುಗಿಸಿ ಕೇಳಿಯೇಬಿಟ್ಟ. “ನಮ್ಮಪ್ಪನ ಹೆಸ್ರು ಯಾಕ್ ಬಿಟ್ರಿ ಸ್ವಾಮಿ?”

“ನಿಮ್ಮಪ್ಪ ಕಲ್ಲು ಹೊಡೆದು ಒಳಗೆ ಹೋದೋನು ಕಣಯ್ಯ. ಅದು ಸತ್ಯಾಗ್ರಹ ಅಲ್ಲ, ಪುಂಡಾಟ.”

“ಇಬ್ರೂ ಒಂದೇ ಜೈಲಲ್ಲಿದ್ರು. ಒಂದೇ ತಟ್ಟೇಲಿ ಉಂಡ್ರು.”

“ಯಾರು ಹೇಳಿದ್ದು?”

“ನಾನು ಹೇಳ್ತೀನಿ.” ಬಾಗಿಲ ಹಿಂದಿನಿಂದ ಬದರೀನಾರಾಯಣರ ತಾಯಿ ಕಾವೇರಮ್ಮನ ದನಿ ಬಂತು. “ಮುನಿರಾಮಪ್ಪ, ಬಿಡುಗಡೆಯಾಗಿ ಬಂದ ದಿನ ನಮ್ಮತ್ತೆ ನಿಮ್ಮಪ್ಪನ್ನ ಹೊಸಿಲು ದಾಟೋಕೆ ಬಿಡ್ಲಿಲ್ಲ. ಅವನ ಜೊತೆ ಉಂಡಿದ್ದಕ್ಕೆ ನಮ್ಮ ಯಜಮಾನ್ರಿಗೆ ಪಂಚಗವ್ಯ ಕುಡಿಸಿ ಶುದ್ಧ ಮಾಡಿದ್ರು. ಕಲಸಿದ್ದು ನಾನೇ. ಆ ಲೋಟ ಬೇರೆ ಇಟ್ಟಿದ್ದೂ ಅವತ್ತೇ.”

“ಅಮ್ಮ, ನೀನು ಒಳಗೆ ಹೋಗು.” ಬದರೀನಾರಾಯಣರು ಇತ್ತ ತಿರುಗಿದರು. “ನಾಳೆ ಗಲಾಟೆ ಗಿಲಾಟೆ ಅಂತ ಬಂದ್ರೆ ಪೊಲೀಸರನ್ನ ಕರೆಸ್ತೀನಿ. ಕಾಫಿ ಆಯ್ತಲ್ಲ, ಲೋಟ ತೊಳೆದಿಟ್ಟು ಹೊರಡು.”

ಎಂಥ ಭಂಡತನ! ಮುನಿರಾಮಪ್ಪನಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ತೊಳೆದು ತೊಳೆದು ಇಟ್ಟ ತನ್ನ ಕೈಗಳ ಮೇಲೇ ಹೇಸಿಗೆಯಾಯಿತು. ಅವನು ನಲ್ಲಿಯತ್ತ ಹೋಗಲಿಲ್ಲ. ಲೋಟವನ್ನು ಹಾಗೇ ಹಿಡಿದುಕೊಂಡು ಮೆಟ್ಟಿಲಿಳಿದ.

ಮರುದಿನ ಪಾರ್ಕಿನ ತುಂಬ ಜನ. ಬದರೀನಾರಾಯಣರು ಖಾದಿ ಶಾಲು ಹೊದ್ದು ಭಾಷಣ ಬಿಗಿದರು. ತಮ್ಮ ತಂದೆ ಜೈಲಿನಲ್ಲಿ ಜಾತಿ ನೋಡಲಿಲ್ಲವಂತೆ, ಎಲ್ಲರ ಜೊತೆ ಒಂದೇ ತಟ್ಟೆಯಲ್ಲಿ ಉಂಡರಂತೆ, ಸ್ವಾತಂತ್ರ್ಯ ಅಂದರೆ ಅದೇ ಅಂತೆ. ನಿನ್ನೆ ‘ಯಾರು ಹೇಳಿದ್ದು’ ಎಂದ ಬಾಯಿ ಅದು, ನಾಚಿಕೆ ಬೇಡವೇ! ಜನ ಚಪ್ಪಾಳೆ ತಟ್ಟಿದರು.

ಮುನಿರಾಮಪ್ಪ ಜನರ ನಡುವಿನಿಂದ ಬಂದು ಕಾಫಿ ಕರೆ ಒಣಗಿದ ಲೋಟವನ್ನು ಕಲ್ಲಿನ ಮೇಲಿಟ್ಟ.

“ನಮ್ಮಪ್ಪನ ಹೆಸ್ರು ನೀವು ಬರೀಲಿಲ್ಲ. ಅದಕ್ಕೆ ಇದನ್ನ ತಂದೆ. ಬೇಡ ಅಂದ್ರೆ ನಿಮ್ಮ ಕೈಯಾರೆ ತೆಗೀರಿ ಸ್ವಾಮಿ.”

ಅದು ಯಾವ ಲೋಟ ಎಂದು ಎಲ್ಲರಿಗೂ ಗೊತ್ತಾಯಿತು. ಬದರೀನಾರಾಯಣರು ಅತ್ತಿತ್ತ ನೋಡಿದರು, ಯಾರೂ ಮುಂದೆ ಬರಲಿಲ್ಲ. ಕೊನೆಗೆ ಖಾದಿ ಶಾಲಿನ ಸೆರಗನ್ನು ಕೈಗೆ ಸುತ್ತಿಕೊಂಡು ಲೋಟವನ್ನು ಎತ್ತಿದರು.